ಅರ್ಥಜ್ಞಾನವೂ ಧರ್ಮದ ಹೊಣೆಯೂ

ನಮ್ಮ ಸಮಾಜದಲ್ಲಿ ಒಂದು ಬಗೆಯ ಅಜ್ಞಾನಕ್ಕೆ ವಿಶೇಷವಾದ ಮರ್ಯಾದೆಯುಂಟು. ಓದುಬರಹ ಬಾರದವನು ಅದನ್ನು ನಾಲ್ವರ ಮುಂದೆ ಹೇಳಿಕೊಳ್ಳಲು ನಾಚುತ್ತಾನೆ. ಕಾನೂನು ತಿಳಿಯದವನು ವಕೀಲರ ಎದುರಿಗೆ ಕೈಕಟ್ಟಿ ನಿಲ್ಲುತ್ತಾನೆ. ಆದರೆ ಶಾಸ್ತ್ರಗ್ರಂಥಗಳನ್ನು ಓದಿಕೊಂಡ ಗೃಹಸ್ಥನೊಬ್ಬನು ತನಗೆ ಬಡ್ಡಿಯ ಲೆಕ್ಕವಾಗಲಿ ಬ್ಯಾಂಕಿನ ಕಾಗದಪತ್ರಗಳಾಗಲಿ ಎಂದೂ ತಲೆಗೆ ಹತ್ತಿದುದಿಲ್ಲವೆಂದು ಮಂದಹಾಸದಿಂದ ನುಡಿದರೆ, ಕೇಳಿದವರು ಅದನ್ನು ಕೊರತೆಯೆಂದು ಎಣಿಸದೆ, ಆತನು ಲೌಕಿಕಕ್ಕೆ ಮೇಲಾದವನೆಂದು ತಲೆದೂಗುವರು. ಧನದ ವಿಷಯದಲ್ಲಿ ಅರಿವಿಲ್ಲದಿರುವುದೂ ಧನದಲ್ಲಿ ಆಸೆಯಿಲ್ಲದಿರುವುದೂ ಒಂದೇ ಎಂಬ ಭಾವನೆಯು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಆಸೆಯನ್ನು ಪೂರ್ಣವಾಗಿ ಉಳಿಸಿಕೊಂಡು ಅರಿವನ್ನು ಮಾತ್ರ ತ್ಯಜಿಸಿದವರೂ ಈ ಗೌರವಕ್ಕೆ ಪಾತ್ರರಾಗುತ್ತಾರೆ.

ಈ ಅಜ್ಞಾನವು ಒಬ್ಬಿಬ್ಬರು ಸಾಧುಪುರುಷರದಾಗಿದ್ದರೆ ಅದರ ವಿಚಾರವನ್ನೆತ್ತುವ ಅಗತ್ಯವಿರಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರವು ನಡೆಸಿದ ಸಮೀಕ್ಷೆಯಂತೆ, ಭಾರತದ ವಯಸ್ಕರಲ್ಲಿ ಹಣಕಾಸಿನ ಸಾಕ್ಷರತೆಯುಳ್ಳವರು ನೂರಕ್ಕೆ 27 ಮಂದಿ. ಅದೇ ದೇಶದಲ್ಲಿ, 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯಿಂದ, ಒಂದು ದಶಕ ತುಂಬುವುದಕ್ಕೆ ಮೊದಲೇ 50 ಕೋಟಿಗೂ ಮಿಕ್ಕಿ ಬ್ಯಾಂಕ್ ಖಾತೆಗಳು ತೆರೆದವು. ಖಾತೆಯನ್ನು ಪಡೆದವರ ಸಂಖ್ಯೆಗೂ, ಅದರಲ್ಲಿ ಬರೆದಿರುವುದನ್ನು ಗ್ರಹಿಸಿ ವ್ಯವಹರಿಸಬಲ್ಲವರ ಸಂಖ್ಯೆಗೂ ಇರುವ ಈ ಅಂತರವನ್ನು ತುಂಬುವುದು ಸರ್ಕಾರದ ಕೆಲಸ, ರಿಸರ್ವ್ ಬ್ಯಾಂಕಿನ ಕೆಲಸ ಎಂದು ಹೇಳಿ ಮುಗಿಸಬಹುದು. ಆ ಬ್ಯಾಂಕು ವರ್ಷವರ್ಷವೂ ಹಣಕಾಸು ಸಾಕ್ಷರತಾ ಸಪ್ತಾಹವನ್ನು ಆಚರಿಸುತ್ತಲೂ ಇದೆ. ಆದರೆ ನಾನು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆ ಸಪ್ತಾಹಗಳಿಂದ ತೀರುವಂಥದಲ್ಲ. ಅರ್ಥವ್ಯವಹಾರದ ಅರಿವು ಕೇವಲ ಲೌಕಿಕ ಚಾತುರ್ಯವೋ, ಅಥವಾ ಧರ್ಮದ ಒಂದು ಅಂಗವೋ? ಧರ್ಮದ ಅಂಗವೆಂದಾದರೆ, ಅದಿಲ್ಲದುದರಿಂದ ಒದಗುವ ಹಾನಿಯ ಪಾಪವು ಯಾರನ್ನು ಸೇರತಕ್ಕದ್ದು: ತಿಳಿಯದೆ ಹೆಬ್ಬೆಟ್ಟನ್ನು ಒತ್ತಿದವನನ್ನೋ, ತಿಳಿದು ಒತ್ತಿಸಿಕೊಂಡವನನ್ನೋ, ತಿಳಿದೂ ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿದವನನ್ನೋ?

ವೈರಾಗ್ಯದ ಪಕ್ಷವನ್ನು ಹಿಡಿದು ವಾದಿಸುವವರು ಮೊದಲು ಕರೆತರುವ ಸಾಕ್ಷಿ ಬೃಹದಾರಣ್ಯಕೋಪನಿಷತ್ತಿನ ಮೈತ್ರೇಯಿ. ಧನಪೂರ್ಣವಾದ ಈ ಭೂಮಿಯೆಲ್ಲವೂ ತನ್ನದಾದರೆ ಅದರಿಂದ ತಾನು ಅಮೃತಳಾಗುವೆನೇ ಎಂದು ಆಕೆ ಕೇಳಿದಳು. ಆಗಲಾರೆಯೆಂದು ಯಾಜ್ಞವಲ್ಕ್ಯನು ಉತ್ತರಿಸಿದನು. ಹಾಗಾದರೆ ಅದರಿಂದ ತನಗೇನೆಂದು ಆಕೆ ಅದನ್ನು ಬದಿಗೊತ್ತಿದಳು. ಧನದ ಮೇರೆ ಎಲ್ಲಿಯವರೆಗೆಂಬುದನ್ನು ಇದಕ್ಕಿಂತ ನೇರವಾಗಿ ಕೇಳಿದವರು ಇಲ್ಲ. ಆದರೆ ಈ ಸಂವಾದವು ಹುಟ್ಟಿದ ಸಂದರ್ಭವನ್ನು ನಾವು ಮರೆಯುತ್ತೇವೆ. ಮನೆಯನ್ನು ಬಿಟ್ಟು ಹೊರಡಲು ನಿಶ್ಚಯಿಸಿದ ಯಾಜ್ಞವಲ್ಕ್ಯನು, ಇದ್ದುದನ್ನು ತನ್ನ ಇಬ್ಬರು ಹೆಂಡಿರ ನಡುವೆ ವಿಭಾಗಿಸಿಕೊಡುವೆನೆಂದು ಕರೆದಾಗಲೇ ಅಲ್ಲವೇ ಆ ಮಾತು ಬಂದದ್ದು? ಬ್ರಹ್ಮಜ್ಞಾನಿಯಾದವನು ಗೃಹಸ್ಥಾಶ್ರಮವನ್ನು ತೊರೆಯುವ ಮುನ್ನ ಅದರ ಲೆಕ್ಕವನ್ನು ತೀರಿಸಿ ಹೊರಡಲೆಣಿಸಿದನು. ಇದೇ ಯಾಜ್ಞವಲ್ಕ್ಯನು ಜನಕನ ಸಭೆಯಲ್ಲಿ, ನೆರೆದವರೊಳಗೆ ಶ್ರೇಷ್ಠನಾದ ಬ್ರಹ್ಮಜ್ಞನಿಗೆಂದು ನಿಲ್ಲಿಸಿದ್ದ, ಕೊಂಬುಗಳಿಗೆ ಚಿನ್ನವನ್ನು ಕಟ್ಟಿದ್ದ ಸಾವಿರ ಗೋವುಗಳನ್ನು, ವಾದವಿನ್ನೂ ಆರಂಭವಾಗುವುದಕ್ಕೆ ಮೊದಲೇ ಶಿಷ್ಯನಿಂದ ಮನೆಯ ಕಡೆಗೆ ಹೊಡೆಸಿದವನು. ಕೇಳಿದವರಿಗೆ, ಬ್ರಹ್ಮಿಷ್ಠನಿಗೆ ನಮಸ್ಕಾರ, ನಮಗೆ ಬೇಕಾದುದು ಗೋವು ಎಂಬರ್ಥದ ಉತ್ತರವನ್ನು ಕೊಟ್ಟವನು. ಅಂಥವನು ಧನವನ್ನು ಬಿಟ್ಟುದು ತ್ಯಾಗ. ಧನವೇನೆಂದು ಅರಿಯದವನು ಅದನ್ನು ಕಳೆದುಕೊಂಡುದು ಕೇವಲ ನಷ್ಟ.

ಇನ್ನು ಆ ಮನೆಯ ಇನ್ನೊಬ್ಬಳು, ಕಾತ್ಯಾಯನಿ. ಉಪನಿಷತ್ತು ಆಕೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತದೆ: ಆಕೆಯ ಪ್ರಜ್ಞೆಯು ಸಾಮಾನ್ಯ ಸ್ತ್ರೀಯರ ಪ್ರಜ್ಞೆಯಾಗಿದ್ದಿತು. ಅಮೃತತ್ವವನ್ನು ಕೇಳದ, ಭಾಗಕ್ಕೆ ಬಂದುದನ್ನು ಕಾಪಾಡಿಕೊಂಡು ನಾಳೆಯೂ ಒಲೆ ಹೊತ್ತಿಸಬೇಕಾದ ಆಕೆಗೆ ಉಪದೇಶವೇನು? ಉಪನಿಷತ್ತಿನ ಉದ್ದೇಶ ಅದಲ್ಲವಾದುದರಿಂದ ಅದು ಹೇಳಲಿಲ್ಲ. ಅದಕ್ಕಾಗಿ ಅದನ್ನು ದೂರುವಂತೆಯೂ ಇಲ್ಲ. ದೂರಬೇಕಾದುದು ನಮ್ಮನ್ನು. ದೇಶದಲ್ಲಿ ಮೈತ್ರೇಯಿಯರು ಎಷ್ಟು ಮಂದಿ? ಊರೂರನ್ನೂ ತುಂಬಿರುವವರು ಕಾತ್ಯಾಯನಿಯರೇ. ಪುರಾಣಪ್ರವಚನಗಳಲ್ಲಿ ಕುಳಿತು ಅವರು ಕೇಳುವುದೆಲ್ಲ ಮೈತ್ರೇಯಿಗೆ ಹೇಳಿದ ಮಾತು. ಎದ್ದು ಮನೆಗೆ ಹೋದರೆ ಕಾದಿರುವವನು ಕಂತು ವಸೂಲಿಯವನು. ಆ ಎರಡರ ನಡುವಣ ಬದುಕಿಗೆ ಬೇಕಾದ ವಿವೇಕವನ್ನು ಕೊಡುವುದು ತನ್ನ ಘನತೆಗೆ ಕಡಿಮೆಯೆಂದು ಭಾವಿಸುವ ಧರ್ಮೋಪದೇಶವನ್ನು ಪೂರ್ಣವೆಂದು ನಾನು ಒಪ್ಪಲಾರೆ.

ಮಹಾಭಾರತದಲ್ಲಿ ಇದೇ ವಿಷಯಕ್ಕೆ ಇನ್ನೂ ತೀಕ್ಷ್ಣವಾದ ನಿದರ್ಶನವಿದೆ. ವನಪರ್ವದಲ್ಲಿ, ತನ್ನನ್ನು ನೋಡಬಂದ ಸತ್ಯಭಾಮೆಯೊಡನೆ ಮಾತನಾಡುತ್ತ, ಪಾಂಡವರ ಬೊಕ್ಕಸದ ಆಯವ್ಯಯಗಳನ್ನೆಲ್ಲ ತಾನೊಬ್ಬಳೇ ಅರಿತಿದ್ದೆನೆಂದು ದ್ರೌಪದಿಯು ಹೇಳುತ್ತಾಳೆ. ಗೃಹಿಣೀಧರ್ಮದ ಉಪದೇಶವೆಂದು ನಾವು ಸಾಮಾನ್ಯವಾಗಿ ಓದಿ ಮುಂದಕ್ಕೆ ಸಾಗುವ ಈ ಮಾತನ್ನು ಸಭಾಪರ್ವದ ಪಕ್ಕದಲ್ಲಿಟ್ಟು ಓದಿದರೆ ಮನಸ್ಸು ನಡುಗುತ್ತದೆ. ಕರೆದ ದ್ಯೂತಕ್ಕೆ ಹಿಂದೆಗೆಯಬಾರದೆಂಬ ವ್ರತಕ್ಕೆ ಕಟ್ಟುಬಿದ್ದ ಯುಧಿಷ್ಠಿರನು ಮುತ್ತುರತ್ನಗಳನ್ನೂ, ರಥಗಜತುರಗಗಳನ್ನೂ, ರಾಜ್ಯವನ್ನೂ, ಒಬ್ಬೊಬ್ಬರಾಗಿ ತಮ್ಮಂದಿರನ್ನೂ, ಕಡೆಗೆ ತನ್ನನ್ನೂ ಒಡ್ಡಿ ಸೋಲುತ್ತಿದ್ದಾಗ, ಆ ಸಂಪತ್ತಿನ ಲೆಕ್ಕವನ್ನು ಬಲ್ಲ ಏಕೈಕ ವ್ಯಕ್ತಿಯು ಒಳಮನೆಯಲ್ಲಿ ಕುಳಿತಿದ್ದಳು. ಆಕೆಯನ್ನು ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಕೊನೆಯ ಪಣವಾಗಿ ಆಕೆಯನ್ನೇ ಒಡ್ಡಿದ್ದಾಯಿತು. ಕರೆಯಬಂದ ಪ್ರಾತಿಕಾಮಿಯೊಡನೆ ಆಕೆ ಹೇಳಿಕಳುಹಿಸಿದ ಪ್ರಶ್ನೆಯಾದರೂ ಎಂಥದು! ಅರಸನು ಮೊದಲು ಸೋತುದು ತನ್ನನ್ನೋ, ನನ್ನನ್ನೋ ಎಂಬುದು ಅಳುವ ಅಬಲೆಯ ಮೊರೆಯಲ್ಲ, ಲೆಕ್ಕ ಬಲ್ಲವಳ ತಕರಾರು. ತನ್ನ ಮೇಲಣ ಸ್ವಾಮ್ಯವನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಒಡ್ಡುವ ಅಧಿಕಾರವು ಎಲ್ಲಿಂದ ಬಂದೀತು? ಅಡಮಾನದ ಪತ್ರವನ್ನು ಪರಿಶೀಲಿಸುವ ವಕೀಲನು ಇಂದಿಗೂ ಮೊದಲು ಕೇಳುವುದು ಇದನ್ನೇ, ಅಡವಿಟ್ಟವನಿಗೆ ಅದರ ಹಕ್ಕಿತ್ತೇ ಎಂದು. ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮನು ಜಾರಿಕೊಂಡನು. ದ್ರೋಣನು ಬಾಯಿ ತೆರೆಯಲಿಲ್ಲ. ಕೌರವ ಸೋದರರಲ್ಲಿ ವಿಕರ್ಣನೊಬ್ಬನು ಎದ್ದು ಆಕೆಯ ಪರವಾಗಿ ನುಡಿದನು. ಯುಧಿಷ್ಠಿರನ ಸತ್ಯದಲ್ಲಾಗಲಿ ಶೀಲದಲ್ಲಾಗಲಿ ಕುಂದಿರಲಿಲ್ಲವೆಂಬುದನ್ನು ಒಪ್ಪಿಕೊಂಡೇ ಹೇಳಬೇಕು: ಶೀಲವು ಪಗಡೆಯ ಗತಿಯನ್ನು ಬದಲಿಸಲಿಲ್ಲ.

ಕಥೆಯು ಅಲ್ಲಿಗೆ ನಿಂತಿದ್ದರೆ ನಿರಾಶೆಯೇ ಉಳಿಯುತ್ತಿತ್ತು. ಕಾಡಿನಲ್ಲಿ ಕೊರಗುತ್ತಿದ್ದ ಯುಧಿಷ್ಠಿರನಿಗೆ ಬೃಹದಶ್ವ ಮಹರ್ಷಿಯು ನಳನ ಕಥೆಯನ್ನು ಹೇಳುತ್ತಾನೆ. ಕಲಿಯ ಆವೇಶದಿಂದ ಪುಷ್ಕರನೊಡನೆ ಜೂಜಾಡಿ ಸರ್ವಸ್ವವನ್ನೂ ನೀಗಿದ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣರಾಜನ ಸಾರಥಿಯಾಗಿ ವಿದರ್ಭಕ್ಕೆ ರಥವನ್ನು ನಡೆಸುತ್ತಿರುವಾಗ, ದಾರಿಯ ಬದಿಯ ತಾರೆಯ ಮರವೊಂದನ್ನು ಕಂಡು ಋತುಪರ್ಣನು ಅದರ ಎಲೆಗಳೂ ಕಾಯಿಗಳೂ ಎಷ್ಟೆಂದು ಒಂದೇ ನೋಟದಲ್ಲಿ ಹೇಳಿಬಿಡುತ್ತಾನೆ. ತಾರೆಯ ಕಾಯಿಗಳೇ ಆ ಕಾಲದ ಜೂಜಿನ ದಾಳಗಳೆಂಬುದನ್ನು ಇಲ್ಲಿ ನೆನೆಯಬೇಕು. ಅರಸನ ಮಾತೆಂದು ನಳನು ನಂಬಲಿಲ್ಲ, ಹೊತ್ತಾಗುವುದೆಂದು ಅರಸನು ಅವಸರಪಡಿಸಿದರೂ ಬಿಡದೆ ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ತಾನೇ ಎಣಿಸಿ ನೋಡಿದನು, ಸರಿಯಾಗಿತ್ತು. ಆಮೇಲೆ ತನ್ನ ಅಶ್ವಹೃದಯವನ್ನು ಕೊಡುವೆನೆಂದು ಒಪ್ಪಿ ಪ್ರತಿಯಾಗಿ ಅಕ್ಷಹೃದಯವನ್ನು, ಎಂದರೆ ದಾಳದ ಮರ್ಮವನ್ನೂ ಸಂಖ್ಯಾವಿದ್ಯೆಯನ್ನೂ, ಕಲಿತನು. ಕಲಿತ ಕ್ಷಣದಲ್ಲೇ, ನಳನನ್ನು ಕಚ್ಚಿದ್ದ ಕಾರ್ಕೋಟಕ ಸರ್ಪದ ವಿಷವನ್ನು ಕಾರುತ್ತ ಕಲಿಯು ಅವನ ಮೈಯಿಂದ ಹೊರಬಿದ್ದನು. ಯಾಗದಿಂದಲ್ಲ, ತೀರ್ಥಸ್ನಾನದಿಂದಲ್ಲ, ಪ್ರಾಯಶ್ಚಿತ್ತದಿಂದಲೂ ಅಲ್ಲ. ಲೆಕ್ಕವನ್ನು ಕಲಿತುದರಿಂದ ಕಲಿಯು ಬಿಟ್ಟುಹೋದನೆಂದು ನಮ್ಮ ಇತಿಹಾಸಪುರಾಣಗಳಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಎಡೆಯನ್ನು ನಾನು ಕಾಣೆ. ಕಥೆಯನ್ನು ಮುಗಿಸಿದ ಬೃಹದಶ್ವನು ಯುಧಿಷ್ಠಿರನಿಗೆ ಬರಿಯ ಸಾಂತ್ವನವನ್ನು ಹೇಳಿ ಹೋಗಲಿಲ್ಲ. ಅದೇ ಅಕ್ಷಹೃದಯವನ್ನು ಅವನಿಗೂ ಉಪದೇಶಿಸಿದನು. ಧರ್ಮರಾಜನಾದವನಿಗೂ ಈ ವಿದ್ಯೆ ಬೇಕಾಯಿತು.

ಇಲ್ಲಿ ಸೂಕ್ಷ್ಮಮತಿಯಾದ ಓದುಗನು ಆಕ್ಷೇಪವೆತ್ತದೆ ಇರನು. ವಿದ್ಯೆಯನ್ನು ಕಲಿತ ನಳನು ಮಾಡಿದುದೇನು? ಹಿಂದಿರುಗಿ ಹೋಗಿ ಮತ್ತೆ ಜೂಜಾಡಿದನು. ಗೆದ್ದನೆಂಬುದು ಬೇರೆಯ ಮಾತು. ಲೆಕ್ಕವನ್ನು ಕಲಿಸಿದುದರ ಫಲ ಜೂಜನ್ನು ಬಿಡಿಸುವುದಾಗದೆ ಜೂಜಿಗೆ ಧೈರ್ಯವನ್ನು ಕೊಡುವುದಾದರೆ ಆ ಶಿಕ್ಷಣದಿಂದ ಆದ ಉಪಕಾರವೇನು? ಈ ಆಕ್ಷೇಪವು ಬಲವಾದುದು, ಮತ್ತು ಇಂದು ಅದಕ್ಕೆ ಅಂಕಿಅಂಶಗಳ ಬೆಂಬಲವೂ ಇದೆ. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಹಿವಾಟಿಗೆ ಇಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣವನ್ನು ಕಳೆದುಕೊಂಡರು. ಅವರ ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಇವರು ಹೆಬ್ಬೆಟ್ಟಿನವರಲ್ಲ. ಅಂಗೈಯ ಮೊಬೈಲಿನಲ್ಲಿ ಬೆಲೆಯ ರೇಖೆಗಳನ್ನು ಓದಬಲ್ಲವರು, ಹಣಕಾಸಿನ ಪರಿಭಾಷೆಯನ್ನು ಸಲೀಸಾಗಿ ಆಡಬಲ್ಲವರು, ಯಾವ ಸಮೀಕ್ಷೆಯಲ್ಲಿಯೂ ಸಾಕ್ಷರರ ಪಟ್ಟಿಗೆ ಸೇರುವಂಥವರು. ಇವರಿಗೆ ತಪ್ಪಿದುದು ಅಂಕಿಯ ಅರಿವಲ್ಲ; ಎದುರಿಗೆ ಕುಳಿತ ಶಕುನಿಯು ತಮಗಿಂತ ಚೆನ್ನಾಗಿ ಎಣಿಸಬಲ್ಲನೆಂಬ ಅರಿವು, ಮತ್ತು ಅದಕ್ಕಿಂತ ಮೊದಲು, ತಮಗೆ ಎಷ್ಟು ಬೇಕೆಂಬ ಅರಿವು.

ಹಣವನ್ನು ಎಣಿಸುವ ವಿದ್ಯೆಗೆ ಆಸೆಗೆ ಎಲ್ಲೆಯನ್ನು ಹಾಕುವ ವಿದ್ಯೆಯೂ ಸೇರಿದಾಗ ಮಾತ್ರ ಅದು ಪೂರ್ಣವಾಗುವುದೆಂಬುದನ್ನು ಕನ್ನಡನಾಡಿನ ಜೈನರು ಬಹುಕಾಲದ ಹಿಂದೆಯೇ ಅರಿತಿದ್ದರು. ಯತಿಗೆ ಸಂಪೂರ್ಣ ಅಪರಿಗ್ರಹವನ್ನು ವಿಧಿಸಿದ ಆ ಧರ್ಮವು ಶ್ರಾವಕನಿಗೆ ವಿಧಿಸಿದುದು ಪರಿಗ್ರಹ ಪರಿಮಾಣ: ಹೊಲ, ಮನೆ, ಹೊನ್ನು, ಧಾನ್ಯ ಇವು ಇಷ್ಟೇ ಎಂದು ತನಗೆ ತಾನೇ ಮೇರೆಯನ್ನು ಗೊತ್ತುಮಾಡಿಕೊಂಡು ಅದನ್ನು ದಾಟದಿರುವ ಅಣುವ್ರತ. ತನ್ನ ಬಳಿ ಏನೇನು ಎಷ್ಟೆಷ್ಟಿದೆಯೆಂಬ ಲೆಕ್ಕವಿಲ್ಲದವನು ಈ ವ್ರತವನ್ನು ಹಿಡಿಯುವುದೆಂತು? ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಗಣಿತಸಾರಸಂಗ್ರಹವನ್ನು ರಚಿಸಿ, ಲೌಕಿಕ ವೈದಿಕ ಕಾರ್ಯಗಳೆಲ್ಲದರಲ್ಲಿಯೂ ಗಣಿತವು ಬೇಕೆಂದು ಸಾರಿ, ಅಸಲು ಬಡ್ಡಿಗಳ ಲೆಕ್ಕಗಳನ್ನು ವಿಸ್ತಾರವಾಗಿ ಹೇಳಿಕೊಟ್ಟನು. ಮೂರು ಶತಮಾನಗಳ ಅನಂತರ ಇನ್ನೊಬ್ಬ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಲೆಕ್ಕವು ಸಂಸ್ಕೃತ ಬಲ್ಲವರ ಸೊತ್ತಾಗಿ ಉಳಿಯಬಾರದೆಂಬ ಅಭಿಪ್ರಾಯವು ಆ ಆಯ್ಕೆಯಲ್ಲಿಯೇ ಅಡಗಿದೆ. ಅದೇ 12ನೆಯ ಶತಮಾನದ ಕಲ್ಯಾಣದಲ್ಲಿ ಕಾಯಕ ದಾಸೋಹಗಳನ್ನು ಬೋಧಿಸಿದ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಅವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹೆಂಡತಿ ಲಕ್ಕಮ್ಮನು ತಾಕೀತು ಮಾಡಿದ ಪ್ರಸಂಗವನ್ನು ನಿರ್ಲೋಭದ ದೃಷ್ಟಾಂತವಾಗಿ ಎಲ್ಲರೂ ಹೇಳುತ್ತಾರೆ. ನಿತ್ಯದ ಅಳತೆ ಎಷ್ಟೆಂದು ತಿಳಿಯದವಳಿಗೆ ಇಂದಿನದು ಹೆಚ್ಚಾಯಿತೆಂದು ತೋರುವುದೆಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇಷ್ಟರಿಂದ ಅರ್ಥಜ್ಞಾನವು ಧರ್ಮದ ಅಂಗವೆಂಬುದು ಸ್ಥಾಪಿತವಾಯಿತೆಂದು ಇಟ್ಟುಕೊಂಡರೂ, ಹೆಚ್ಚು ಕಷ್ಟದ ಪ್ರಶ್ನೆಯು ಉಳಿದೇ ಇದೆ. ಜ್ಞಾನವು ಧರ್ಮವಾದರೆ ಅಜ್ಞಾನಿಯು ಅಪರಾಧಿಯೇ? ಇಂದಿನ ಹಣಕಾಸು ಶಿಕ್ಷಣದ ಉತ್ಸಾಹದಲ್ಲಿ ನನಗೆ ಅಂಜಿಕೆಯನ್ನು ಹುಟ್ಟಿಸುವುದು ಇದೇ. ಸಾಲವನ್ನು ಕೊಡುವ ಸಂಸ್ಥೆಯೇ ಪಾಠವನ್ನೂ ಹೇಳಿ, ವಿಮೆಯನ್ನು ಮಾರುವವನೇ ವಿವೇಕವನ್ನೂ ಬೋಧಿಸಿ, ಕಡೆಗೆ ಸಾಲಗಾರನು ಮುಳುಗಿದಾಗ, ಆತನಿಗೆ ತಿಳಿಸಲಾಗಿತ್ತು, ತಿಳಿದುಕೊಳ್ಳದಿದ್ದುದು ಆತನ ತಪ್ಪು ಎಂದು ಕೈತೊಳೆದುಕೊಳ್ಳುವುದಕ್ಕೆ ಸಾಕ್ಷರತೆಯು ಒಂದು ನೆವವಾಗಿಬಿಟ್ಟರೆ, ಅದು ದುರ್ಬಲನ ಮೇಲೆ ಹೊರಿಸಿದ ಎರಡನೆಯ ಸಾಲವಾದೀತು.

ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ನಿಷ್ಠುರರಾಗಿದ್ದರು, ಮತ್ತು ಅವರ ನಿಷ್ಠುರತೆಯು ಬೇರೆಯ ದಿಕ್ಕಿಗೆ ತಿರುಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರವು ನಮಗೆ ಮತ್ತೆ ದೊರೆತುದು ಮೈಸೂರಿನಲ್ಲಿ. 1905ರಲ್ಲಿ ಅಲ್ಲಿಯ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅದರ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಮುದ್ರಿಸಿದರು. ಅದರಲ್ಲಿ ತಿಂಗಳಿಗೆ ನೂರಕ್ಕೆ ಒಂದೂಕಾಲು ಪಣವು ಧರ್ಮ್ಯವಾದ ಬಡ್ಡಿ. ವ್ಯಾಪಾರದಲ್ಲಿ 5, ಕಾಡುದಾರಿಯಲ್ಲಿ ಸಂಚರಿಸುವವರಿಗೆ 10, ಕಡಲ ವ್ಯಾಪಾರಿಗಳಿಗೆ 20. ಅಪಾಯವು ಹೆಚ್ಚಿದಂತೆ ಬಡ್ಡಿಯೂ ಹೆಚ್ಚುವುದೆಂಬ ತತ್ತ್ವವನ್ನು ಒಪ್ಪಿಕೊಂಡ ಈ ಲೋಕಜ್ಞನು, ಅದಕ್ಕೆ ಮೀರಿ ಬಡ್ಡಿಯನ್ನು ವಿಧಿಸಿದವನಿಗೂ ವಿಧಿಸುವಂತೆ ಮಾಡಿದವನಿಗೂ ದಂಡವನ್ನು ಹೇಳಿ, ಅಷ್ಟಕ್ಕೇ ನಿಲ್ಲದೆ, ಆ ಒಪ್ಪಂದವಾಗುವಾಗ ಕೇಳುತ್ತ ಕುಳಿತ ಸಾಕ್ಷಿಗಳಲ್ಲಿ ಒಬ್ಬೊಬ್ಬನಿಗೂ ಅರ್ಧ ದಂಡವನ್ನು ವಿಧಿಸಿದನು. ದೀರ್ಘಸತ್ರದಲ್ಲಿ ತೊಡಗಿದವನ, ರೋಗಿಯ, ಗುರುಕುಲದಲ್ಲಿರುವವನ, ಬಾಲಕನ ಮತ್ತು ನಿಸ್ಸಾರನಾದ ಬಡವನ ಸಾಲವು ಬೆಳೆಯಕೂಡದೆಂದನು. ಸಾಲ ಕೊಡುವವರ ಮತ್ತು ಕೊಳ್ಳುವವರ ನಡತೆಯನ್ನು ಅರಸನು ವಿಚಾರಿಸುತ್ತಿರಬೇಕು, ರಾಜ್ಯದ ಯೋಗಕ್ಷೇಮವು ಅದನ್ನು ಅವಲಂಬಿಸಿದೆ ಎಂಬುದು ಅವನ ಅಭಿಮತ. ಒಂದೇ ಸಲಕ್ಕೆ ಪಡೆಯುವ ಬಡ್ಡಿಯು ಅಸಲಿಗೆ ಸಮನಾದ ಮೊತ್ತವನ್ನು ದಾಟಬಾರದೆಂಬ ಮನುವಿನ ನಿಯಮವು ದಾಮ್‌ದುಪಟ್ ಎಂಬ ಹೆಸರಿನಿಂದ ಮುಂಬಯಿ ಪ್ರಾಂತದ ನ್ಯಾಯಾಲಯಗಳಲ್ಲಿ ಬ್ರಿಟಿಷರ ಕಾಲದಲ್ಲಿಯೂ ನಡೆಯುತ್ತಿತ್ತು. ಬಡ್ಡಿಯನ್ನೇ ನಿಷೇಧಿಸಿದ ಇಸ್ಲಾಮಿನಲ್ಲಿ ಇದಕ್ಕಿಂತಲೂ ಮನಮುಟ್ಟುವ ಒಂದು ವಿಧಿಯುಂಟು. ಕುರಾನಿನ ಎರಡನೆಯ ಅಧ್ಯಾಯದ 282ನೆಯ ವಚನವು, ಅದೇ ಆ ಗ್ರಂಥದ ಅತಿ ದೀರ್ಘವಾದ ವಚನ, ಸಾಲವನ್ನು ಚಿಕ್ಕದಾಗಲಿ ದೊಡ್ಡದಾಗಲಿ ಬೇಸರಿಸದೆ ಬರೆದಿಡಬೇಕೆಂದು ವಿಧಿಸುತ್ತದೆ. ಮತ್ತು ಬರೆಸಬೇಕಾದವನು ಸಾಲವನ್ನು ಕೊಟ್ಟವನಲ್ಲ, ಕೊಂಡವನು. ಅವನು ತಿಳಿವಳಿಕೆಯಿಲ್ಲದವನೋ ಅಶಕ್ತನೋ ಆದರೆ ಅವನ ಪೋಷಕನು ನ್ಯಾಯವಾಗಿ ಬರೆಸತಕ್ಕದ್ದು. ಸಾಲಗಾರನ ಬಾಯಿಂದ ಹೊರಡದ ಷರತ್ತು ಸಾಲಪತ್ರದಲ್ಲಿ ಇರಕೂಡದೆಂಬ ಈ ಕ್ರಮವನ್ನು ಇಂದಿನ ನಮ್ಮ ಸಾಲಪತ್ರಗಳಿಗೆ ಅನ್ವಯಿಸಿದರೆ ಅವುಗಳಲ್ಲಿ ಎಷ್ಟು ಪುಟಗಳು ಉಳಿದಾವು?

ದೇವರು ಧರ್ಮಗಳಿಗೂ ಬಡ್ಡಿಯ ಲೆಕ್ಕಕ್ಕೂ ಏನು ಸಂಬಂಧವೆಂದು ಮೂಗುಮುರಿಯುವವರು ನಮ್ಮ ದೇವಾಲಯಗಳ ಶಿಲಾಶಾಸನಗಳನ್ನು ಒಮ್ಮೆ ಓದಬೇಕು. ಇಷ್ಟು ಗದ್ಯಾಣಗಳನ್ನು ಕೊಟ್ಟು, ಅದರ ಬಡ್ಡಿಯಿಂದ ನಂದಾದೀವಿಗೆಯು ಉರಿಯಬೇಕೆಂದು ಕಲ್ಲಿನಲ್ಲಿ ಕೆತ್ತಿಸಿದ ದಾನಿಗಳು ಅನೇಕರು. ಅಸಲನ್ನು ಮುಟ್ಟದೆ ಬಡ್ಡಿಯಿಂದ ಪುಣ್ಯವನ್ನು ನಡೆಸುವ ಕ್ರಮವನ್ನು ಅವರು ಯಾವ ಸಪ್ತಾಹದಲ್ಲಿಯೂ ಕಲಿತವರಲ್ಲ.

ಇಂದಿನ ಮೋಸವು ಶಾಸನದಷ್ಟು ಸ್ಪಷ್ಟವಾಗಿ ಕೆತ್ತಿರುವುದಿಲ್ಲ. ಒಂದು ಉದಾಹರಣೆಯನ್ನು ನೋಡೋಣ. ಹತ್ತು ಸಾವಿರ ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, ಹನ್ನೆರಡು ಸಮನಾದ ತಿಂಗಳ ಕಂತುಗಳು ಎಂದು ಹೇಳಿ, ಪೂರ್ಣ ಮೊತ್ತದ ಮೇಲೆ ವರ್ಷದ ಬಡ್ಡಿಯಾದ 1,200 ರೂಪಾಯಿಗಳನ್ನು ಮೊದಲೇ ಕೂಡಿಸಿ, ಕಂತಿಗೆ 933 ರೂಪಾಯಿಗಳಂತೆ ವಸೂಲು ಮಾಡುತ್ತಾರೆನ್ನಿ. ಸಾಲಗಾರಳು ತಿಂಗಳು ತಿಂಗಳೂ ಅಸಲನ್ನು ಹಿಂದಿರುಗಿಸುತ್ತಲೇ ಇರುವುದರಿಂದ ವರ್ಷದ ಸರಾಸರಿಯಲ್ಲಿ ಆಕೆಯ ಬಳಿ ಉಳಿದಿದ್ದ ಹಣವು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬಡ್ಡಿಯನ್ನು ತೆತ್ತುದು ಇಡೀ ಹತ್ತು ಸಾವಿರಕ್ಕೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ನೂರಕ್ಕೆ 12 ಅಲ್ಲ, 21ಕ್ಕೂ ಮೇಲೆ. ಕೈಸಾಲದ ಸಾಹುಕಾರನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯೆಂದು ಕೇಳಿದಾಗ ಮೂರೆಂಬುದು ಸಣ್ಣ ಅಂಕಿಯಾಗಿಯೇ ತೋರುತ್ತದೆ. ಚಕ್ರಬಡ್ಡಿಯಾದರೆ ಎರಡೇ ವರ್ಷಗಳಲ್ಲಿ ಸಾಲವು ಇಮ್ಮಡಿಯಾಗಿರುತ್ತದೆ. ಮೀಟರ್ ಬಡ್ಡಿಯ ಮಾತನ್ನಂತೂ ಎತ್ತದಿರುವುದೇ ಲೇಸು. ಇಲ್ಲಿ ಒಂದು ಸುಳ್ಳನ್ನೂ ಹೇಳಿರುವುದಿಲ್ಲ. ಸುಳ್ಳಾಡದೆ ವಂಚಿಸಲು ಸಾಧ್ಯವಾಗುವುದು ಕೇಳುವವನ ಅಜ್ಞಾನವನ್ನು ನಂಬಿಕೊಂಡಾಗ ಮಾತ್ರ. ಆದುದರಿಂದ ಆ ಅಜ್ಞಾನವನ್ನು ಹೋಗಲಾಡಿಸದೆ ಬಿಡುವುದು ವಂಚನೆಯ ಪಾಲುದಾರಿಕೆಯೇ ಸರಿ. ಕಿರುಸಾಲಗಳ ವಸೂಲಿಯ ಹಿಂಸೆಯನ್ನು ತಾಳಲಾರದೆ ನಮ್ಮ ಹಳ್ಳಿಗಳಲ್ಲಿ ಜನರು ಪ್ರಾಣವನ್ನು ಕಳೆದುಕೊಂಡ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಲಾತ್ಕಾರದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆಯನ್ನೂ ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ವಿಧಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಆಗಬೇಕಾದ ಕೆಲಸವೇ, ಆದರೆ ಅದು ಬಾಕಿಯು ಬೆಳೆದ ಮೇಲೆ ಒದಗುವ ರಕ್ಷಣೆ, ಸಹಿ ಹಾಕುವ ಗಳಿಗೆಯದಲ್ಲ.

ಆ ಗಳಿಗೆಗೆ ಬೇಕಾದ ಅರಿವು ಉಪನ್ಯಾಸದಿಂದ ಬರುವುದೆಂದು ನನಗೆ ನಂಬಿಕೆಯಿಲ್ಲ. ನಮ್ಮ ನಾಡಿನಲ್ಲಿ ಅದು ಬಂದಿರುವಲ್ಲೆಲ್ಲ ಕೈಯಿಂದ ಮಾಡಿ ಬಂದಿದೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದಾಗ, ಸಾಲವನ್ನು ಬೇಡಲು ಮಾತ್ರ ಅರಿತಿದ್ದ ಒಕ್ಕಲಿಗನು ಸಾಲ ಕೊಡುವವರ ಪಂಕ್ತಿಯಲ್ಲಿಯೂ ಕುಳಿತನು. ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಕೆನರಾ ನಿಧಿಯನ್ನು ಸ್ಥಾಪಿಸುವುದಕ್ಕೆ ಬಹಳ ಮೊದಲೇ, 1891ರಲ್ಲಿ, ಶಾಲೆಯನ್ನು ಸ್ಥಾಪಿಸಿದ್ದರು. ಬೇಗನೆ ಹೆಣ್ಣುಮಕ್ಕಳ ಶಾಲೆಯೂ ಅದನ್ನು ಕೂಡಿಕೊಂಡಿತು. ಪಾಠಶಾಲೆಯೂ ಹಣದ ಪೆಟ್ಟಿಗೆಯೂ ಒಬ್ಬನೇ ಮನುಷ್ಯನ ಚಿಂತನೆಯಿಂದ ಹೊರಟುದು ಆಕಸ್ಮಿಕವೆಂದು ನಾನು ಭಾವಿಸಲಾರೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಿಂದ ಮನೆಮನೆಗೂ ಆಳನ್ನು ಕಳುಹಿಸಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿದ ಪಿಗ್ಮಿ ಠೇವಣಿಯನ್ನು ಅರ್ಥಶಾಸ್ತ್ರಜ್ಞರು ಬಂಡವಾಳದ ಕ್ರೋಡೀಕರಣವೆಂದು ಕರೆಯಬಹುದು. ದಿನದಿನವೂ ಪುಸ್ತಕದಲ್ಲಿ ಏರುವ ಅಂಕಿಯನ್ನು ನೋಡುತ್ತಿದ್ದ ಅಂಗಡಿಯವನಿಗೂ ಗಾಡಿಯವನಿಗೂ ಅದು ಪಾಠಶಾಲೆಯಾಗಿತ್ತು. ಈಚಿನ ಕಾಲದಲ್ಲಿ, ಮೈರಾಡ ಮೊದಲಾದ ಸಂಸ್ಥೆಗಳು ಬೆಳೆಸಿದ, 1992ರಿಂದ ನಬಾರ್ಡ್ ಬ್ಯಾಂಕುಗಳೊಡನೆ ಜೋಡಿಸಿದ ಸ್ವಸಹಾಯ ಸಂಘಗಳಲ್ಲಿ ಹೆಂಗಸರು ವಾರಕ್ಕೊಮ್ಮೆ ಸೇರಿ, ಉಳಿತಾಯವೆಷ್ಟು, ಯಾರ ಸಾಲವೆಷ್ಟು, ಯಾರ ಕಂತು ನಿಂತಿದೆಯೆಂದು ಎಲ್ಲರ ಕಿವಿಗೂ ಬೀಳುವಂತೆ ಓದುವ ಪದ್ಧತಿ ಬೆಳೆಯಿತು. ಕಾತ್ಯಾಯನಿಗೆ ಉಪದೇಶವು ಕೊನೆಗೂ ದೊರೆಯಿತು. ಅದು ಋಷಿಗಳಿಂದಲ್ಲ, ನೆರೆಮನೆಯವಳಿಂದ. ಅಂಥ ಸಂಘಗಳಲ್ಲಿಯೂ ಪುಸ್ತಕವು ಒಬ್ಬಳ ಕೈಯಲ್ಲೇ ಉಳಿದು, ಉಳಿದವರು ಅವಳು ಹೇಳಿದ ಕಡೆಗೆ ಸಹಿ ಹಾಕುವಂತಾದರೆ ಹಳೆಯ ಶ್ಯಾನುಭೋಗಿಕೆಯೇ ಸೀರೆಯುಟ್ಟು ಬಂದಂತಾಗುತ್ತದೆಂಬುದನ್ನೂ ಮರೆಯಬಾರದು.

ಈ ವಿಚಾರದಲ್ಲಿ ಕಾನೂನು ನಮಗಿಂತ ಒಂದು ಹೆಜ್ಜೆ ಮುಂದೆ ಇದೆ. ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ, 2024ರ ಅಕ್ಟೋಬರ್ 1ರಿಂದ ಕೊಡುವ ಚಿಲ್ಲರೆ ಸಾಲಗಳಿಗೆಲ್ಲ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಒಂದು ಮುಖ್ಯಾಂಶಗಳ ಪತ್ರವನ್ನು ಒದಗಿಸತಕ್ಕದ್ದು; ಶುಲ್ಕಗಳೆಲ್ಲವನ್ನೂ ಸೇರಿಸಿ ವರ್ಷಕ್ಕೆ ನಿಜವಾಗಿ ಬೀಳುವ ದರವೆಷ್ಟೆಂಬುದು ಅದರಲ್ಲಿರತಕ್ಕದ್ದು; ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರತಕ್ಕದ್ದು; ಅದನ್ನು ಅವನಿಗೆ ವಿವರಿಸಿ, ತಿಳಿಯಿತೆಂಬ ಒಪ್ಪಿಗೆಯನ್ನು ಪಡೆಯತಕ್ಕದ್ದು. ಇದು ಹಕ್ಕು, ಯಾರ ದಯೆಯೂ ಅಲ್ಲ. ಕೇಳುವವರಿಲ್ಲದ ಕಡೆಯಲ್ಲಿ ಈ ಹಕ್ಕು ಕಪಾಟಿನೊಳಗೆ ಉಳಿಯುತ್ತದೆ. ಕೇಳಲು ಬಾರದವರ ಪರವಾಗಿ ಕೇಳಬೇಕಾದವರು ಲೆಕ್ಕವನ್ನು ಬಲ್ಲ ನಾವು. ಈ ಬರಹವನ್ನು ಓದುತ್ತಿರುವ ನೀವು ಬಹುಶಃ ಆ ನೂರಕ್ಕೆ 27ರಲ್ಲಿ ಒಬ್ಬರು. ನಿಮ್ಮ ಮನೆಯಲ್ಲಿ ಕೆಲಸಕ್ಕೆ ಬರುವವರಾಗಲಿ, ನಿಮ್ಮ ಹೊಲದಲ್ಲಿ ದುಡಿಯುವವರಾಗಲಿ, ನಿಮ್ಮ ಬೀದಿಯ ತರಕಾರಿಯವರಾಗಲಿ ಮುಂದಿನ ಸಲ ಸಾಲದ ಕಾಗದವನ್ನು ಹಿಡಿದು ಬಂದಾಗ, ಅಥವಾ ಜಾಮೀನಿಗೆಂದೋ ಸಾಕ್ಷಿಗೆಂದೋ ನಿಮ್ಮನ್ನು ಕರೆದೊಯ್ದಾಗ, ಆ ಮುಖ್ಯಾಂಶಗಳ ಪತ್ರ ಕನ್ನಡದಲ್ಲಿ ಬೇಕೆಂದು ಕೇಳಿರಿ, ಗಟ್ಟಿಯಾಗಿ ಓದಿ ಹೇಳಿರಿ, ಕಂತುಗಳನ್ನು ಅವರ ಎದುರಿಗೇ ಕೂಡಿಸಿ ತೋರಿಸಿರಿ. ಅದಾದ ಮೇಲೆ ಅವರು ಸಹಿ ಹಾಕಲಿ.